ಬೋ ಡಿಡ್ಲಿಯ ಆಯತಾಕಾರದ ಗಿಟಾರನ್ನು ಹಲಸಿನ ಮರದಲ್ಲಿ ಮಾಡುವ ಬಗೆ

ರಾಕ್ ಅಂಡ್ ರೋಲ್‌ನ ಮೊದಲ ತಲೆಮಾರಿನ ಅಮೆರಿಕದ ಗಾಯಕ, ಗಿಟಾರ್ ವಾದಕ ಬೋ ಡಿಡ್ಲಿಯವರಿಗಾಗಿ ಗ್ರೆಚ್ ಎಂಬ ಗಿಟಾರ್ ಕಂಪೆನಿ 1958ರಲ್ಲಿ ತಯಾರಿಸಿದ ವಿದ್ಯುತ್ ಗಿಟಾರಿನ ಒಡಲು ನೇರ ಆಯತವಾಗಿತ್ತು. ಬಾಗುಗಳಿಲ್ಲದ ಕಾರಣ, ಅಂಥದ್ದನ್ನು ಕಾಸರಗೋಡಿನ ನುರಿತ ಆಚಾರಿಯೊಬ್ಬರು ಮಾಡಿಕೊಡಬಲ್ಲರು. ನೆಕ್ (ಬೆರಳೊತ್ತಿ ನುಡಿಸುವ ಉದ್ದನೆಯ ಕೈ), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಬ್ರಿಜ್ (ಒಡಲಿನ ಮೇಲೆ ತಂತಿಗಳು ಕೂರುವ ಭಾಗ) ಇವುಗಳನ್ನು ಮಾತ್ರ ಸಿದ್ಧವಾಗಿ ಕೊಳ್ಳುವುದು ಒಳ್ಳೆಯದು.

ಚೆಂಡೆಗೆ ಒಗ್ಗಿದ ಹಲಸು ಇದಕ್ಕೂ ಆದೀತು. ಸುಮಾರು 45 ಮಿ.ಮೀ. ದಪ್ಪದ, ಚೆನ್ನಾಗಿ ಒಣಗಿದ ಹಲಗೆಯನ್ನು ಆರಿಸಿಕೊಳ್ಳಿ; ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಕೊರೆಯುವ ಕೆಲಸಕ್ಕೆ ಕೈಹಾಕಬೇಡಿ. ತೇವ ಹೀರಿ ಉಬ್ಬಿದ ಮರ ಬೇಸಗೆಯಲ್ಲಿ ಕುಗ್ಗಿದಾಗ ನೆಕ್ ಕೂರುವ ಗುಳಿಯ ಅಳತೆ ಕೆಡುತ್ತದೆ.

ಬ್ರಿಜ್‌ನ ಸ್ಥಾನದಲ್ಲಿ ಅವಸರ ಸಲ್ಲದು. 648 ಮಿ.ಮೀ. ಸ್ಕೇಲಿನ (ತಂತಿಯ ಕಂಪಿಸುವ ಉದ್ದದ) ನೆಕ್ ಆದರೆ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಿಂದ) 12ನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) 324 ಮಿ.ಮೀ. ಇರುತ್ತದೆ, ಅಲ್ಲಿಂದ ಸ್ಯಾಡಲ್‌ಗೂ (ಬ್ರಿಜ್ ಮೇಲೆ ತಂತಿಯನ್ನು ಹೊರುವ ತುಣುಕಿಗೂ) ಅಷ್ಟೇ ದೂರವಿಟ್ಟು, ದಪ್ಪ ತಂತಿಗಳ ಸ್ಯಾಡಲನ್ನು ಇನ್ನಷ್ಟು ಹಿಂದೆ, ಅಂದರೆ ನಟ್‌ನಿಂದ ದೂರಕ್ಕೆ, ಸರಿಸಲು ಜಾಗ ಉಳಿಸಿಕೊಳ್ಳಬೇಕು. 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವು ಅಲ್ಲಿಯೇ ಬೆರಳು ತಾಗಿಸಿ ಹೊರಡಿಸಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಬರಬೇಕು.

ಬ್ರಿಜ್‌ನ ಅಡಿಯಿಂದ ಒಂದು ವಯರನ್ನು ವಾಲ್ಯೂಮ್ ಪಾಟ್‌ನ (ಸದ್ದು ಏರಿಳಿಸುವ ತಿರುಗುಗುಂಡಿಯ ಕೆಳಗಿನ ಬಿಡಿಭಾಗದ) ಬೆನ್ನಿಗೆ ಬೆಸುಗೆ ಹಾಕಲು ಮರೆಯದಿರಿ. ಅದಿಲ್ಲದಿದ್ದರೆ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ ಹಾಡನ್ನೇ ನುಂಗುತ್ತದೆ. ಕೊನೆಗೆ ಬೋ ಡಿಡ್ಲಿಯವರ ಮೆಚ್ಚಿನ ಓಪನ್ ಇ (ಬೆರಳೊತ್ತದೆ ಮೀಟಿದರೂ ಇ ಮೇಜರ್ ಸ್ವರಮೇಳ ಹೊಮ್ಮುವ) ಶ್ರುತಿಗೆ, ದಪ್ಪ ತಂತಿಯಿಂದ ಆರಂಭಿಸಿ ಇ, ಬಿ, ಇ, ಜಿ ಶಾರ್ಪ್, ಬಿ, ಇ ಎಂದು ತಂತಿಗಳನ್ನು ಬಿಗಿಯಿರಿ.