ಮುಂಬಯಿಯ ದಿನಚರಿಯಲ್ಲಿ ಸ್ನಾಯುಬಲದ ವ್ಯಾಯಾಮ: ಗುರಿ ಆರಿಸುವ ಬಗೆ, ಸಮಯ ಹೊಂದಿಸುವ ಬಗೆ

ವ್ಯಾಯಾಮ ಆರಂಭಿಸುವ ಬಹಳಷ್ಟು ಜನ ಮೊದಲು ತೂಕದ ಯಂತ್ರದ ಮೇಲೆ ನಿಂತು, ಅಲ್ಲಿ ಕಂಡ ಅಂಕಿಯಿಂದ ಐದೋ ಹತ್ತೋ ಕಿಲೋ ಕಳೆದು, ಉಳಿದದ್ದನ್ನೇ ಗುರಿಯೆಂದು ಬರೆದಿಟ್ಟುಕೊಳ್ಳುತ್ತಾರೆ. ಗುರಿ ಆರಿಸಲು ಇದು ಒಳ್ಳೆಯ ದಾರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂದಿನ ರಾತ್ರಿ ತಿಂದ ಉಪ್ಪು, ಕುಡಿದ ನೀರು, ಹೊಟ್ಟೆಯಲ್ಲಿರುವ ಊಟ ಇವೆಲ್ಲ ಸೇರಿ ಒಂದೇ ದಿನದಲ್ಲಿ ತೂಕವನ್ನು ಒಂದೆರಡು ಕಿಲೋ ಏರುಪೇರು ಮಾಡಬಲ್ಲವು. ಕೊಬ್ಬು ಕರಗಿ ಸ್ನಾಯು ಬೆಳೆಯುತ್ತಿರುವಾಗ ಮುಳ್ಳು ಕದಲದೆಯೂ ಇರಬಹುದು. ತಿಂಗಳಿಡೀ ಶ್ರಮಪಟ್ಟವರು ಆ ಅಂಕಿಯನ್ನು ನೋಡಿ ಕೈಚೆಲ್ಲುವುದು ಇದರಿಂದಲೇ. ದೇಹ ಎಷ್ಟು ತೂಗುತ್ತದೆ ಎಂಬುದಕ್ಕಿಂತ ಅದು ಏನು ಮಾಡಬಲ್ಲದು ಎಂಬುದನ್ನು ಗುರಿಯಾಗಿಸಿಕೊಂಡರೆ ಪ್ರಗತಿ ವಾರವಾರವೂ ಕಣ್ಣಿಗೆ ಕಾಣುತ್ತದೆ.

ಅಂಥ ಗುರಿಗಾಗಿ ನಿಮ್ಮದೇ ಒಂದು ವಾರವನ್ನು ಗಮನವಿಟ್ಟು ನೋಡಿದರೆ ಸಾಕು. ಡೊಂಬಿವಲಿ ಅಥವಾ ಕುರ್ಲಾ ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ಹಿಂದಿನ ಜನರ ವೇಗಕ್ಕೆ ಹತ್ತಲಾಗದೆ ಕಂಬಿ ಹಿಡಿಯಬೇಕಾಗುತ್ತಿದೆಯೇ? ಸಂಘದ ಭಜನೆ ಮುಗಿಸಿ ಜಮಖಾನದಿಂದ ಏಳುವಾಗ ಎರಡೂ ಕೈಗಳನ್ನು ನೆಲಕ್ಕೆ ಊರಬೇಕಾಗುತ್ತಿದೆಯೇ? ಊರಿಗೆ ಹೊರಟಾಗ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಪೆಟ್ಟಿಗೆಯನ್ನು ಮೇಲಿನ ಬರ್ತಿಗೆ ಏರಿಸಲು ಪಕ್ಕದವರನ್ನು ಕರೆಯಬೇಕಾಗುತ್ತಿದೆಯೇ? ಇವುಗಳಲ್ಲಿ ನಿಮ್ಮನ್ನು ಹೆಚ್ಚು ಕಾಡುವ ಒಂದನ್ನು ಆರಿಸಿ, ಅಳೆಯಲು ಬರುವ ಮಾತಿನಲ್ಲಿ ಬರೆದಿಡಿ. ‘ಗಟ್ಟಿಮುಟ್ಟಾಗಬೇಕು’ ಎಂದು ಬರೆದರೆ ಅದನ್ನು ಅಳೆಯಲಾಗುವುದಿಲ್ಲ. ‘12 ವಾರಗಳಲ್ಲಿ 10 ಕಿಲೋ ಅಕ್ಕಿಚೀಲವನ್ನು ನಡುವೆ ಇಳಿಸದೆ ಮೂರನೆಯ ಮಹಡಿಗೆ ಒಯ್ಯಬೇಕು’ ಎಂದು ಬರೆದರೆ ಅಳೆಯಬಹುದು.

ಸದ್ಯ ಎಲ್ಲಿದ್ದೀರಿ ಎಂದು ತಿಳಿಯಲು ವೈದ್ಯರೂ ಬಳಸುವ ಒಂದು ಸರಳ ಪರೀಕ್ಷೆಯಿದೆ. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಲ್ಲಬಲ್ಲಿರಿ ಎಂದು ಎಣಿಸಿ. 60ರಿಂದ 64 ವಯಸ್ಸಿನ ಪುರುಷರಿಗೆ 14ಕ್ಕಿಂತ, ಮಹಿಳೆಯರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆಯೆಂದು ಅರ್ಥ. ಮನೆಯ ಹಿರಿಯರಿಗೂ ಈ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ಮಾಡಿಸಿರಿ.

ನಿಲ್ದಾಣಕ್ಕೆ ಹೋಗಿ ಬರುವಾಗ ಸಾಕಷ್ಟು ನಡೆಯುತ್ತೇವಲ್ಲ ಎಂದು ಈ ಊರಿನವರು ಹೇಳುವುದುಂಟು. ನಡಿಗೆ ಹೃದಯಕ್ಕೆ ಬಹಳ ಒಳ್ಳೆಯದು. ಆದರೆ ಅದರಿಂದ ಬೆನ್ನು, ಭುಜ, ತೋಳುಗಳಿಗೆ ಬಲ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸಿ, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ದೇಹದ ಎಲ್ಲ ಮುಖ್ಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ಬೇರೆಯಾಗಿಯೇ ಹೇಳುತ್ತದೆ. ವಾರಕ್ಕೆ ಎರಡೇ ದಿನ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಏಕೆಂದರೆ ದಿನಾ ಒಂದು ಗಂಟೆ ಜಿಮ್‌ಗೆ ಹೋಗಬೇಕೆಂದು ನಂಬಿದವರು ಆರಂಭಿಸುವುದೇ ಇಲ್ಲ.

ಮಂಚ ಮತ್ತು ಕಪಾಟಿನ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿದ್ದರೆ ವ್ಯಾಯಾಮಕ್ಕೆ ಸಾಕು. ಮೊದಲನೆಯದು ಕುರ್ಚಿಯಿಂದ ಕೈ ಊರದೆ ಏಳುವುದು. ಕೂರುವಾಗ ಧಪ್ಪೆಂದು ಬೀಳದೆ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಬೇಕು, ಸ್ನಾಯು ಬಲಗೊಳ್ಳುವುದರಲ್ಲಿ ಆ ಇಳಿತದ ಪಾಲು ದೊಡ್ಡದು. ಎರಡನೆಯದು ತಳ್ಳುವುದು. ನೆಲದ ಮೇಲಿನ ಪುಶ್-ಅಪ್ ಆಗದವರು ಅಡುಗೆಕಟ್ಟೆಯ ಅಂಚನ್ನು ಹಿಡಿದು, ಕಾಲುಗಳನ್ನು ಹಿಂದಕ್ಕೆ ಸರಿಸಿ, ತಲೆಯಿಂದ ಹಿಮ್ಮಡಿಯವರೆಗೆ ದೇಹವನ್ನು ನೇರವಾಗಿರಿಸಿಕೊಂಡು ಎದೆಯನ್ನು ಅಂಚಿನ ಬಳಿಗೆ ತಂದು ಹಿಂದಕ್ಕೆ ತಳ್ಳಬಹುದು. ಗ್ರಾನೈಟ್ ಒದ್ದೆಯಿದ್ದರೆ ಅಂಗೈ ಜಾರುತ್ತದೆ, ಮೊದಲು ಒರೆಸಿಕೊಳ್ಳಿ.

ಮೂರನೆಯದು ಸೊಂಟದಿಂದ ಬಾಗಿ ಎತ್ತುವುದು. ಇದನ್ನು ಕಲಿಯಲು ಗೋಡೆಗೆ ಬೆನ್ನು ಮಾಡಿ ಒಂದಡಿ ದೂರ ನಿಂತು, ಮೊಣಕಾಲನ್ನು ಸ್ವಲ್ಪವೇ ಮಡಿಸಿ, ಪೃಷ್ಠವನ್ನು ಹಿಂದಕ್ಕೆ ಒಯ್ದು ಗೋಡೆಗೆ ತಾಗಿಸಿ, ಬೆನ್ನು ಗೂನಾಗಬಾರದು. ಅಭ್ಯಾಸವಾದ ಮೇಲೆ ಹಳೆಯ ಬೆನ್ನುಚೀಲದಲ್ಲಿ ಒಂದೊಂದು ಕಿಲೋದ ಅಕ್ಕಿ ಅಥವಾ ಬೇಳೆಯ ಪೊಟ್ಟಣಗಳನ್ನು ತುಂಬಿ, ಅವು ಒಳಗೆ ಅಲುಗದಂತೆ ಸುತ್ತಲೂ ಟವೆಲ್ ತುರುಕಿ, ಅದನ್ನೇ ಎತ್ತಿ ಇಳಿಸಬಹುದು. ಒಂದು ಕೈಯನ್ನು ಕುರ್ಚಿಗೆ ಊರಿ ಬಾಗಿ, ಇನ್ನೊಂದು ಕೈಯಿಂದ ಅದೇ ಚೀಲವನ್ನು ಪಕ್ಕೆಯ ತನಕ ಎಳೆದರೆ ನಾಲ್ಕನೆಯದಾದ ಎಳೆಯುವ ವ್ಯಾಯಾಮವೂ ಆಯಿತು. ದಿನವಿಡೀ ಕಂಪ್ಯೂಟರಿನ ಮುಂದೆ ಬಾಗಿ ಕೂರುವವರು ಇದನ್ನು ಬಿಡಲೇಬಾರದು. ಕೊನೆಯದಾಗಿ, ಎರಡೂ ಕೈಯಲ್ಲಿ ಸಮತೂಕದ ಚೀಲ ಹಿಡಿದು, ಭುಜ ಕುಗ್ಗಿಸದೆ, ಕಟ್ಟಡದ ಕಾರಿಡಾರಿನಲ್ಲಿ ಅರ್ಧ ನಿಮಿಷ ನಡೆಯಿರಿ. ನಮ್ಮ ಗರಡಿಮನೆಗಳ ದಂಡ ಮತ್ತು ಬೈಠಕ್ ಉತ್ತಮ ಸಾಧನೆಗಳೇ, ಆದರೆ ಅವು ಮೊಣಕಾಲು ಮತ್ತು ಭುಜಗಳಿಂದ ಬಹಳ ಕೇಳುವುದರಿಂದ ಹೊಸಬರಿಗೆ ಮೊದಲ ಮೆಟ್ಟಿಲಲ್ಲ.

ಪ್ರತಿಯೊಂದನ್ನೂ 8ರಿಂದ 12 ಸಲ, ನಡುವೆ ಒಂದೆರಡು ನಿಮಿಷ ವಿಶ್ರಾಂತಿ ಕೊಟ್ಟು ಎರಡು ಸುತ್ತು ಮಾಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಇನ್ನೆರಡು ಸಲ ಮಾಡಬಲ್ಲೆ ಎನಿಸುವಾಗಲೇ ಸುತ್ತನ್ನು ನಿಲ್ಲಿಸಿ. ಎರಡೂ ಸುತ್ತುಗಳಲ್ಲಿ 12 ಸಲೀಸಾಗಿ ಬಂದ ಮೇಲೆ ಚೀಲಕ್ಕೆ ಇನ್ನೊಂದು ಪೊಟ್ಟಣ ಸೇರಿಸಿ. ಕಟ್ಟೆಯ ಬದಲು ಅದಕ್ಕಿಂತ ತಗ್ಗಾದ, ಅಲುಗದ ಮಂಚದ ಅಂಚನ್ನು ಹಿಡಿಯಿರಿ. ಭಾರ ಏರದಿದ್ದರೆ ಬಲ ಏರುವುದಿಲ್ಲ. ಪಾಲಿಕೆಯ ಉದ್ಯಾನಗಳಲ್ಲಿರುವ ತೆರೆದ ಸಾಧನಗಳಲ್ಲಿ ಹಲವು ಮೈಸಡಿಲಕ್ಕೆ ಒಳ್ಳೆಯವಾದರೂ, ಅವುಗಳ ಭಾರವನ್ನು ಹೆಚ್ಚಿಸಲು ಬಾರದ್ದರಿಂದ ಬೇಗನೆ ಸಾಲದಾಗುತ್ತವೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಬರುವಂಥದ್ದು. ಆದ್ದರಿಂದ ಕನ್ನಡಿಯಲ್ಲಿ ವ್ಯತ್ಯಾಸ ಕಾಣದಿದ್ದರೂ ಪುಸ್ತಕದಲ್ಲಿ ಬರೆದ ಎಣಿಕೆ ಏರುತ್ತಿದ್ದರೆ ಸಾಕು.

ಸಮಯದ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕಚೇರಿಗೆ ಹೋಗುವವರು ಸಂಜೆ ಮನೆ ಮುಟ್ಟುವಾಗ ಬಸವಳಿದಿರುತ್ತಾರೆ. ಅವರು ಒಂದು ದಿನ ರವಿವಾರವನ್ನೂ, ಇನ್ನೊಂದು ದಿನ ಸ್ನಾನಕ್ಕೆ ಮುಂಚಿನ ಅರ್ಧ ಗಂಟೆಯನ್ನೂ ನಿಗದಿಮಾಡಿಕೊಳ್ಳುವುದು ಲೇಸು. ಮನೆ ನಡೆಸುವ ಮಹಿಳೆಯರಿಗೆ ಊಟದ ಡಬ್ಬಿಗಳು ಹೊರಟು ಹೋದ ಮೇಲಿನ ಹೊತ್ತು ಅನುಕೂಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ವೇಗವಾಗುವುದರಿಂದ ಅವರಿಗೆ ಈ ವ್ಯಾಯಾಮ ಬಹಳ ಮುಖ್ಯವಾದದ್ದು. ಹೋಟೆಲಿನಲ್ಲಿ ದುಡಿಯುವ ನಮ್ಮ ಕನ್ನಡಿಗರ ಬಗ್ಗೆ ವಿಶೇಷವಾಗಿ ಹೇಳಬೇಕು. ದಿನವಿಡೀ ನಿಂತು, ಒಂದೇ ಕೈಯಲ್ಲಿ ತಟ್ಟೆಗಳನ್ನು ಹೊತ್ತು ದಣಿಯುವುದು ದೇಹವನ್ನು ಸವೆಸುತ್ತದೆಯೇ ಹೊರತು ಸಮನಾಗಿ ಬಲಪಡಿಸುವುದಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮೊದಲಿನ ಬಿಡುವಿನಲ್ಲಿ, ಉಂಡು ಒಂದೆರಡು ಗಂಟೆ ಕಳೆದ ಮೇಲೆ, ಎಳೆಯುವ ಮತ್ತು ಬಾಗಿ ಎತ್ತುವ ಎರಡನ್ನೇ ಮಾಡಿದರೂ ಸೊಂಟಕ್ಕೆ ಉಪಕಾರವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊರಗಿನ ನಡಿಗೆಯನ್ನು ತಪ್ಪಿಸುತ್ತದೆ. ಮನೆಯೊಳಗಿನ ಈ ವ್ಯಾಯಾಮಕ್ಕೆ ಆ ನೆಪವಿಲ್ಲ.

ಆಹಾರದಲ್ಲಿ ಪ್ರೋಟೀನ್ ಗಮನಿಸಿ. ನಮ್ಮ ದೇಶದ ಶಿಫಾರಸು ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ, ಮೀನುಗಳಿಂದ ಇದನ್ನು ಪೂರೈಸಬಹುದು. ತಿಳಿಸಾರು ಅನ್ನ ಮಾತ್ರ ಉಣ್ಣುವವರಿಗೆ ಸಾಲದು.

ರಕ್ತದೊತ್ತಡ, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ, ಆದ್ದರಿಂದ ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮರುದಿನ ಅಥವಾ ಅದರ ಮರುದಿನ ಸ್ನಾಯುಗಳಲ್ಲಿ ಮಂದವಾದ ನೋವು ಬರುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಆ ವ್ಯಾಯಾಮವನ್ನು ನಿಲ್ಲಿಸಿ. ಎದೆ ಬಿಗಿದರೆ ಅಥವಾ ತಲೆ ತಿರುಗಿದರೆ ಎಲ್ಲವನ್ನೂ ನಿಲ್ಲಿಸಿ ತಡಮಾಡದೆ ವೈದ್ಯರ ಬಳಿ ಹೋಗಿ.

ಚೌತಿಗೋ ಊರಿನ ಮದುವೆಗೋ ಹೋಗಿ ಎರಡು ಮೂರು ವಾರ ತಪ್ಪಿದರೆ ಗಾಬರಿ ಬೇಡ. ಮರಳಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯದೆ, ಚೀಲದಿಂದ ಮೂರನೆಯ ಒಂದು ಪಾಲು ಭಾರ ತೆಗೆದು, ಮೊದಲ ವಾರ ಒಂದೇ ಸುತ್ತು ಮಾಡಿ, ಎರಡನೆಯ ವಾರ ಹಳೆಯ ಲೆಕ್ಕಕ್ಕೆ ಬನ್ನಿ. 12 ವಾರ ತುಂಬಿದಾಗ ಕುರ್ಚಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹಳೆಯ ಎಣಿಕೆಯ ಪಕ್ಕದಲ್ಲಿ ಹೊಸದನ್ನು ಬರೆದು, ಮುಂದಿನ ಗುರಿಯನ್ನು ಅದೇ ಪುಟದಲ್ಲಿ ಗೊತ್ತುಮಾಡಿಕೊಳ್ಳಿ.