ಕೆಲಸದ ಜಾಗದಲ್ಲಿ ತಾರತಮ್ಯ: ಗುರುತಿಸುವುದು ಹೇಗೆ, ಬರೆದಿಡುವುದು ಹೇಗೆ, ಕೇಳುವುದು ಹೇಗೆ?

"ನೀವು ಹೆಣ್ಣು, ಅದಕ್ಕೇ ಬಡ್ತಿ ಇಲ್ಲ" ಎಂದು ಮುಖಕ್ಕೆ ಹೇಳುವವರು ಕಡಿಮೆ. "ಮಗು ಇನ್ನೂ ಚಿಕ್ಕದು, ಓಡಾಟದ ಕೆಲಸ ನಿಮಗೆ ಯಾಕೆ?" ಎನ್ನುತ್ತಾರೆ. ಕೇಳಲು ಕಾಳಜಿಯ ಮಾತೇ. ಆದರೆ ಮುಂದಿನ ವರ್ಷ ಬಡ್ತಿ ಸಿಗುವುದು ಆ ಓಡಾಟದ ಕೆಲಸ ಮಾಡಿದವರಿಗೆ.

ನನ್ನ ಮೊದಲ ಕೆಲಸದಲ್ಲಿ ಮೀಟಿಂಗ್ ನಡೆದಾಗಲೆಲ್ಲ ಟಿಪ್ಪಣಿ ಬರೆಯುವುದು ನನ್ನ ಪಾಲಿಗೇ ಬರುತ್ತಿತ್ತು. "ನೀವು ನೀಟಾಗಿ ಬರೀತೀರಿ" ಅನ್ನುತ್ತಿದ್ದರು. ನನಗೂ ಖುಷಿಯೇ. ಆದರೆ ಬರೆಯುತ್ತಾ ಕೂತವಳು ಮಾತಾಡುವುದು ಯಾವಾಗ? ಎರಡು ವರ್ಷ ಕಳೆದ ಮೇಲೆ ಅಪ್ರೈಸಲ್‌ನಲ್ಲಿ "ಮೀಟಿಂಗ್‌ಗಳಲ್ಲಿ ಮಾತಾಡುವುದು ಕಡಿಮೆ" ಎಂದು ಬಂತು. ಏನು ನಡೆದಿತ್ತು ಎಂದು ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಎಲ್ಲರ ಮಾತನ್ನೂ ಬರೆದಿದ್ದೆ, ನನ್ನದನ್ನು ಬಿಟ್ಟು. ಅದಕ್ಕೇ ಈ ಲೇಖನದಲ್ಲಿ ಬರೆದಿಡುವ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಇದು ತಾರತಮ್ಯವೇ ಎಂದು ನೋಡಿ

ಒಂದು ಪ್ರಶ್ನೆ ಕೇಳಿಕೊಳ್ಳಿ. ನನ್ನ ಜಾಗದಲ್ಲಿ ಇಷ್ಟೇ ಅನುಭವ ಇರುವ ಗಂಡಸು ಇದ್ದಿದ್ದರೆ ಹೀಗೇ ನಡೆಯುತ್ತಿತ್ತಾ? ಇಂಟರ್‌ವ್ಯೂನಲ್ಲಿ ಅವನಿಗೂ "ಮದುವೆ ಯಾವಾಗ?" ಎಂದು ಕೇಳುತ್ತಿದ್ದರಾ? ಅವನು ಜೋರಾಗಿ ಮಾತಾಡಿದರೆ "ಖಡಕ್ ಮನುಷ್ಯ", ನೀವು ಮಾತಾಡಿದರೆ "ಜಗಳಗಂಟಿ" ಆಗುತ್ತೀರಾ?

ಇನ್ನೊಂದು ಬಗೆ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಬೀಳುವುದು ಮಾತ್ರ ಹೆಂಗಸರಿಗೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೈಲು ಕಾವಲಿನ ಕೆಲಸಕ್ಕೆ ಕನಿಷ್ಠ 5 ಅಡಿ 2 ಇಂಚು ಎತ್ತರ, 120 ಪೌಂಡ್ ತೂಕ ಬೇಕು ಎಂಬ ನಿಯಮ ಇತ್ತು. ಗಂಡು, ಹೆಣ್ಣು ಎಂಬ ಮಾತೇ ಅದರಲ್ಲಿರಲಿಲ್ಲ. ಆದರೆ ಅದು 40 ಪರ್ಸೆಂಟಿಗಿಂತ ಜಾಸ್ತಿ ಹೆಂಗಸರನ್ನು ಹೊರಗಿಡುತ್ತಿತ್ತು, ಗಂಡಸರಲ್ಲಿ 1 ಪರ್ಸೆಂಟನ್ನೂ ಅಲ್ಲ. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಎತ್ತರ, ತೂಕದ ನಿಯಮವನ್ನು ಒಪ್ಪಲಿಲ್ಲ. ನಿಮ್ಮ ಆಫೀಸಿನಲ್ಲೂ ಇಂಥದ್ದು ಇರಬಹುದು. ಮುಖ್ಯವಾದ ಮೀಟಿಂಗ್‌ಗಳೆಲ್ಲ ರಾತ್ರಿ ಎಂಟಕ್ಕೇ ಶುರುವಾಗುತ್ತವೆಯೇ ಎಂದು ಗಮನಿಸಿ.

ಎರಡನೆಯ ಹೆಜ್ಜೆ: ಅವತ್ತೇ ಬರೆಯಿರಿ

ನಾಳೆ ಬರೆಯೋಣ ಅಂದುಕೊಂಡರೆ ಮಾತು ಬದಲಾಗುತ್ತದೆ. ಮನಸ್ಸು ಅದನ್ನು ಮೆತ್ತಗೂ ಮಾಡುತ್ತದೆ, ದೊಡ್ಡದೂ ಮಾಡುತ್ತದೆ. ಆದ್ದರಿಂದ ಅವತ್ತೇ, ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಫೀಸಿನ ಲ್ಯಾಪ್‌ಟಾಪ್ ಬೇಡ. ಕೆಲಸ ಬಿಡಬೇಕಾಗಿ ಬಂದರೆ ಅದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ತಾರೀಕು, ಸಮಯ, ಜಾಗ. ಯಾರು ಹೇಳಿದರು, ಯಾರು ಕೇಳಿಸಿಕೊಂಡರು. ಆಡಿದ ಮಾತು ಇದ್ದಂತೆಯೇ. "ಅವಮಾನ ಮಾಡಿದರು" ಎಂದು ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. "ಕ್ಲೈಂಟ್ ಮುಂದೆ 'ಇವರು ಲೆಕ್ಕದಲ್ಲಿ ವೀಕು, ಹೆಂಗಸರಲ್ವಾ' ಎಂದು ನಕ್ಕರು, ಇಬ್ಬರು ಸಹೋದ್ಯೋಗಿಗಳು ಅಲ್ಲೇ ಇದ್ದರು" ಎಂದು ಬರೆದರೆ ಗೊತ್ತಾಗುತ್ತದೆ. ನಿಮಗೆ ಅನ್ನಿಸಿದ್ದನ್ನೂ ಬರೆಯಿರಿ, ಆದರೆ ಬೇರೆ ಸಾಲಿನಲ್ಲಿ.

ಇದರ ಜೊತೆಗೆ ನಿಮಗೇ ಬಂದ ಕಾಗದಗಳನ್ನು ಜೋಪಾನ ಮಾಡಿ. ನೇಮಕದ ಪತ್ರ, ಸಂಬಳದ ಸ್ಲಿಪ್, ಅಪ್ರೈಸಲ್, ಕೆಲಸ ಮೆಚ್ಚಿ ಬಂದ ಮೇಲ್. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ನಾಳೆ "ಇವರ ಕೆಲಸ ಸರಿಯಿಲ್ಲ" ಎಂಬ ಮಾತು ಬಂದಾಗ ಆಸರೆಗೆ ನಿಲ್ಲುವುದು ಅದೇ. ಆದರೆ ಸಂಸ್ಥೆಯ ಗುಟ್ಟಿನ ಕಾಗದ, ಬೇರೆಯವರ ಫೈಲು ಮನೆಗೆ ತರಬೇಡಿ. ಅದನ್ನೇ ನಿಮ್ಮ ಮೇಲೆ ಹೊರಿಸಿಬಿಡುತ್ತಾರೆ.

ಮೂರನೆಯ ಹೆಜ್ಜೆ: ಸಂಬಳದ ವಿಷಯ ಮಾತಾಡಿ

ಸಂಬಳ ಕೇಳುವುದು ಮುಜುಗರದ ಕೆಲಸ, ನಿಜ. ಆದರೆ ಈ ಮುಜುಗರದಿಂದ ಲಾಭ ಯಾರಿಗೆ? ಲಿಲ್ಲಿ ಲೆಡ್‌ಬೆಟರ್ ಎಂಬ ಮಹಿಳೆ ಅಲಬಾಮಾದ ಒಂದು ಟೈರ್ ಕಾರ್ಖಾನೆಯಲ್ಲಿ ಸುಮಾರು 19 ವರ್ಷ ದುಡಿದರು. ಕೆಲಸದ ಕೊನೆಗಾಲದಲ್ಲಿ ಯಾರೋ ಹೆಸರಿಲ್ಲದ ಒಂದು ಚೀಟಿ ಬಿಟ್ಟುಹೋಗಿದ್ದರು. ಅದರಲ್ಲಿ ಅವರದೂ ಅದೇ ಹುದ್ದೆಯ ಗಂಡಸರದೂ ಸಂಬಳ ಇತ್ತು. ಅವರಿಗೆ ತಿಂಗಳಿಗೆ 3,727 ಡಾಲರ್. ಗಂಡಸರಲ್ಲಿ ಎಲ್ಲರಿಗಿಂತ ಕಡಿಮೆ ಇದ್ದವರಿಗೇ 4,286.

ಅವರು ಕೋರ್ಟಿಗೆ ಹೋದರು. ಜ್ಯೂರಿ, ಅಂದರೆ ಪ್ರಕರಣ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ, ಅವರ ಪರವಾಗಿ ಹೇಳಿತು. ಆದರೆ 2007ರಲ್ಲಿ ಸುಪ್ರೀಂ ಕೋರ್ಟ್, ಸಂಬಳ ನಿಗದಿಯಾದ 180 ದಿನದೊಳಗೆ ದೂರು ಕೊಡಬೇಕಿತ್ತು ಎಂದುಬಿಟ್ಟಿತು. ಗೊತ್ತೇ ಇಲ್ಲದ ವಿಷಯಕ್ಕೆ ದೂರು ಕೊಡುವುದು ಹೇಗೆ? ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. 2009ರಲ್ಲಿ ಅಮೆರಿಕದ ಸಂಸತ್ತು ಲೆಡ್‌ಬೆಟರ್ ಹೆಸರಿನಲ್ಲೇ ಕಾನೂನು ತಂದಿತು. ಕಡಿಮೆ ಸಂಬಳ ಕೈಗೆ ಬಂದ ಪ್ರತಿ ಸಲವೂ ದೂರಿನ ಗಡುವು ಹೊಸದಾಗಿ ಶುರುವಾಗುತ್ತದೆ ಎಂದು ಅದು ಹೇಳಿತು. ಅವರಿಗೆ ಮಾತ್ರ ಆ ಬಾಕಿ ಹಣ ಸಿಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ.

ನೀವು ಚೀಟಿಗಾಗಿ ಕಾಯಬೇಡಿ. ನಂಬಿಕೆ ಇರುವ ಸಹೋದ್ಯೋಗಿಗೆ ಮೊದಲು ನಿಮ್ಮ ಸಂಬಳ ಹೇಳಿ. "ನನ್ನದು ಇಷ್ಟು, ಈ ಹುದ್ದೆಗೆ ಇದು ಸರಿ ಅನ್ಸುತ್ತಾ?" ಎಂದು ಕೇಳಿ. ಗಂಡಸರನ್ನೂ ಕೇಳಿ. ಅವರನ್ನು ಬಿಟ್ಟು ಹೋಲಿಸಿದರೆ ಹೋಲಿಕೆ ಪೂರ್ತಿಯಾಗುವುದಿಲ್ಲ.

ಹುದ್ದೆಯ ಹೆಸರು ಒಂದೇ ಆಗಿರಬೇಕು ಅಂತೇನೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲೇ ತನ್ನ 100ನೇ ಒಪ್ಪಂದದಲ್ಲಿ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂದಿದೆ. ಮೌಲ್ಯ ಎಂಬ ಮಾತು ಇಲ್ಲಿ ಮುಖ್ಯ. 1968ರಲ್ಲಿ ಬ್ರಿಟನ್ನಿನ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುವ ಹೆಂಗಸರು ಕೆಲಸ ನಿಲ್ಲಿಸಿದರು. ಅವರ ಹೊಲಿಗೆಯನ್ನು ಕಡಿಮೆ ಕೌಶಲದ ಕೆಲಸ ಎಂದು ವಿಂಗಡಿಸಿದ್ದರು. ಅವರ ಹೋರಾಟ 1970ರ ಸಮಾನ ವೇತನ ಕಾನೂನಿಗೆ ದಾರಿಯಾಯಿತು. ಆದರೆ ಆ ಹೊಲಿಗೆಗೆ ಕೌಶಲದ ದರ್ಜೆ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ಮೇಲೆ.

ನಾಲ್ಕನೆಯ ಹೆಜ್ಜೆ: ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ

ಮೊದಲ ಪತ್ರದಲ್ಲಿ ಆರೋಪ ಬೇಡ, ಪ್ರಶ್ನೆ ಸಾಕು. "ಈ ಸಲದ ಬಡ್ತಿಗೆ ನನ್ನನ್ನು ಪರಿಗಣಿಸಲಿಲ್ಲ ಎಂದು ತಿಳಿಯಿತು. ಯಾವ ಅಳತೆಗೋಲು ಬಳಸಿದಿರಿ, ಅದರಲ್ಲಿ ನಾನು ಎಲ್ಲಿ ಕಡಿಮೆ ಬಿದ್ದೆ ಎಂದು ತಿಳಿಸಿ." ಇಷ್ಟೇ. ಬಾಯಿಮಾತಿನಲ್ಲಿ ಉತ್ತರ ಕೊಟ್ಟರೆ, "ಇವತ್ತು ನೀವು ಹೇಳಿದ್ದು ಹೀಗೆ ಎಂದು ತಿಳಿದಿದ್ದೇನೆ, ತಪ್ಪಿದ್ದರೆ ತಿದ್ದಿ" ಎಂದು ಒಂದು ಮೇಲ್ ಹಾಕಿ.

ಬರಹಕ್ಕೆ ಎಷ್ಟು ಬಲ ಇದೆ ಎಂದು ಆನ್ ಹಾಪ್ಕಿನ್ಸ್ ಪ್ರಕರಣ ತೋರಿಸುತ್ತದೆ. 1982ರಲ್ಲಿ ಅಮೆರಿಕದಲ್ಲಿ, ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನೆಯ ಸಂಸ್ಥೆಯಲ್ಲಿ ಪಾಲುದಾರರಾಗಲು ಪ್ರಸ್ತಾಪಗೊಂಡ 88 ಜನರಲ್ಲಿ ಅವರೊಬ್ಬರೇ ಹೆಂಗಸು. ಅವರನ್ನು ತಡೆಹಿಡಿದರು. ಹೆಣ್ಣಿನ ಹಾಗೆ ನಡೆಯಿರಿ, ಮೇಕಪ್ ಮಾಡಿ, ಒಡವೆ ಹಾಕಿ ಎಂಬ ಸಲಹೆಯೂ ಸಿಕ್ಕಿತು. ಪಾಲುದಾರರು ಅವರ ಬಗ್ಗೆ ಬರೆದ ಅಭಿಪ್ರಾಯಗಳೇ ಮುಂದೆ ಸಾಕ್ಷಿಯಾದವು. 1989ರಲ್ಲಿ ಸುಪ್ರೀಂ ಕೋರ್ಟ್, ಹೆಣ್ಣು ಹೀಗೇ ಇರಬೇಕು ಎಂಬ ಎಣಿಕೆಯಿಂದ ಅಳೆಯುವುದೂ ತಾರತಮ್ಯವೇ ಎಂದಿತು.

ಹೆರಿಗೆ ರಜೆ ಮುಗಿಸಿ ಬಂದವರು ಇದನ್ನೇ ಮೊದಲ ವಾರದಲ್ಲಿ ಮಾಡಿ. ಮೊದಲಿದ್ದ ಕೆಲಸ, ತಂಡ, ಸಂಬಳ ಮೂರನ್ನೂ ಪಟ್ಟಿ ಮಾಡಿ, ಬದಲಾಗಿದ್ದರೆ ಯಾಕೆ ಎಂದು ಕೇಳಿ. ಅದೇ ಹುದ್ದೆಗೆ, ಇಲ್ಲವೇ ಅದೇ ಸಂಬಳದ ಸಮಾನ ಹುದ್ದೆಗೆ ಮರಳುವ ಹಕ್ಕನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ತಾಯ್ತನ ರಕ್ಷಣೆ ಒಪ್ಪಂದ ಹೇಳುತ್ತದೆ.

ಐದನೆಯ ಹೆಜ್ಜೆ: ದೂರು

ಮೊದಲು ಗಡುವು ನೋಡಿ. ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಸಂಸ್ಥೆಯೊಳಗೆ ಮಾತುಕತೆ ನಡೆಯುತ್ತಿದೆ ಅಂದಮಾತ್ರಕ್ಕೆ ಹೊರಗಿನ ಗಡುವು ನಿಲ್ಲುತ್ತದೆ ಅಂದುಕೊಳ್ಳಬೇಡಿ. ಯೂನಿಯನ್ ಇದ್ದರೆ ಅವರನ್ನು, ಇಲ್ಲದಿದ್ದರೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರನ್ನು ಬೇಗ ಕಾಣಿ. ದೂರು ಕೊಟ್ಟ ಮೇಲೆ ಪಾಳಿ ಬದಲಾದರೆ, ಮೀಟಿಂಗ್‌ಗೆ ಕರೆಯುವುದು ನಿಂತರೆ ಅದನ್ನೂ ತಾರೀಕಿನ ಸಮೇತ ಬರೆಯಿರಿ.

ಒಂದು ಮಾತು. ಮೈಮುಟ್ಟುವುದು, ಬೆದರಿಸುವುದು, ಲೈಂಗಿಕ ಕಿರುಕುಳ ನಡೆದರೆ ಈ ನಿಧಾನದ ಹೆಜ್ಜೆಗಳು ಬೇಡವೇ ಬೇಡ. ಮೊದಲು ಅಲ್ಲಿಂದ ಹೊರಗೆ ಬನ್ನಿ, ನಂಬಿಕೆಯವರಿಗೆ ಹೇಳಿ, ತಕ್ಷಣ ದೂರು ಕೊಡಿ.

ಪಕ್ಕದಲ್ಲಿ ಕೂತವರು ಮಾಡಬೇಕಾದ್ದು

ನಿಮ್ಮ ಜೊತೆ ಕೆಲಸ ಮಾಡುವ ಹೆಂಗಸು ಹೇಳಿದ ಐಡಿಯಾವನ್ನೇ ಹತ್ತು ನಿಮಿಷದ ಮೇಲೆ ಇನ್ನೊಬ್ಬ ಹೇಳಿ ಶಭಾಷ್ ತಗೊಂಡರೆ, "ಇದನ್ನ ಆಗಲೇ ಅವರು ಹೇಳಿದ್ರಲ್ಲ" ಎಂದು ಎಲ್ಲರ ಮುಂದೆ ಹೇಳಿ. ಟಿಪ್ಪಣಿ ಬರೆಯುವ ಪುಸ್ತಕ ಮತ್ತೆ ಅವರ ಕಡೆಗೇ ಹೋದರೆ, "ಈ ಸಲ ನಾನು ಬರೀತೀನಿ" ಎಂದು ನೀವು ತೆಗೆದುಕೊಳ್ಳಿ. ಕೆಟ್ಟ ಮಾತು ನಿಮ್ಮ ಕಿವಿಗೆ ಬಿದ್ದರೆ ಅವತ್ತೇ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಅವರ ಕೈಗೆ ಕೊಡಿ.