ಪುಟ್ಟ ಕ್ಯಾಬಿನೆಟ್‌ಗೆ ಎಸ್‌ಎಂಪಿಎಸ್: ನಾನು ಆರಿಸಿದ್ದು ಹೀಗೆ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕೆಲಸ. ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ) ಒಂದು ಸಂಜೆ ಆಲ್ಬಂ ಎಕ್ಸ್‌ಪೋರ್ಟ್ ಆಗುತ್ತಿರುವಾಗಲೇ ಕೈಕೊಟ್ಟಿತು. ಸುಟ್ಟ ವಾಸನೆ ಬಂತು, ಸ್ಕ್ರೀನ್ ಕಪ್ಪಾಯಿತು. ಜೊತೆಗೆ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಮೂರು ಮದುವೆಗಳ ಫೋಟೋಗಳನ್ನು ಫೋಟೋಗ್ರಾಫರ್‌ಗಳ ಹತ್ತಿರ ಮತ್ತೆ ಕೇಳಿ ತಂದೆ. ಆ ಮುಜುಗರ ಇನ್ನೂ ಮರೆತಿಲ್ಲ.

ಎಸ್‌ಎಂಪಿಎಸ್ ಬಿಚ್ಚಿ ಅದರ ಸ್ಟಿಕ್ಕರ್ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 18 ಆಂಪ್. ಗುಣಿಸಿದರೆ 216 ವ್ಯಾಟ್ ಅಷ್ಟೇ. ಈಗಿನ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಕರೆಂಟ್ ಸಿಗುವುದು ಮುಖ್ಯವಾಗಿ ಆ 12 ವೋಲ್ಟ್ ಲೈನಿನಿಂದ. ದೊಡ್ಡ ಅಂಕಿ ನೋಡಿ ನಂಬಿದ್ದೆ, ಸಣ್ಣ ಪಟ್ಟಿ ಓದಿರಲಿಲ್ಲ.

ಹೊಸ ಕಂಪ್ಯೂಟರ್ ಟೇಬಲ್ ಮೂಲೆಯಲ್ಲಿ ಕೂರಬೇಕಿತ್ತು. ಹಾಗಾಗಿ 17 ಸೆಂ.ಮೀ. ಚೌಕದ, ಮಿನಿ ಐಟಿಎಕ್ಸ್ ಅನ್ನುವ ಅಳತೆಯ ಮದರ್‌ಬೋರ್ಡು, ಅದಕ್ಕೆ ತಕ್ಕ ಪುಟ್ಟ ಕ್ಯಾಬಿನೆಟ್ ತಗೊಂಡೆ. ದೊಡ್ಡ ಕ್ಯಾಬಿನೆಟ್‌ನಲ್ಲಿ ಎಸ್‌ಎಂಪಿಎಸ್ ಕೊನೆಗೆ ಯೋಚಿಸಿದರೂ ನಡೆಯುತ್ತೆ. ಇದರಲ್ಲಿ ಅದೇ ಮೊದಲು. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಎತ್ತರ, 140 ಆಳ. ಒಳಗೆ ಹೋಗುವ ಮಾತೇ ಇಲ್ಲ. ಎಸ್‌ಎಫ್‌ಎಕ್ಸ್ ಅನ್ನುವ ಅಳತೆಯದು 125 ಅಗಲ, 63.5 ಎತ್ತರ, 100 ಆಳ. ಅದರ ಅಣ್ಣ ಎಸ್‌ಎಫ್‌ಎಕ್ಸ್-ಎಲ್‌ನ ಆಳ 130.

ಈ 30 ಮಿ.ಮೀ. ವ್ಯತ್ಯಾಸ ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಆಲ್ಬಂ ಬಾಕ್ಸಿನ ದಪ್ಪ ರಟ್ಟು ಕತ್ತರಿಸಿ, ಗಮ್ ಟೇಪ್ ಹಚ್ಚಿ, ಎರಡೂ ಅಳತೆಯ ಡಬ್ಬಿ ಮಾಡಿದೆ. ಕ್ಯಾಬಿನೆಟ್ ಒಳಗೆ ಒಂದೊಂದಾಗಿ ಇಟ್ಟು ನೋಡಿದೆ. ದೊಡ್ಡ ಡಬ್ಬಿಯೂ ಕೂತಿತು! ಆದರೆ ಅದರ ಹಿಂದೆ ಒಂದು ಬೆರಳು ಮಾತ್ರ ತೂರುತ್ತಿತ್ತು. ಕೇಬಲ್ ಚುಚ್ಚುವುದು ಅದೇ ಕಡೆ ಅಲ್ವಾ? ಬೋರ್ಡಿಗೆ ಹೋಗುವ 24 ಪಿನ್ನಿನ ಕೇಬಲ್ ಕಟ್ಟು ದಪ್ಪ. ಪ್ಲಗ್ಗಿನಿಂದ ಹೊರಗೆ ಬಂದು ಬಗ್ಗಲು ಅದಕ್ಕೆ ಎರಡು ಬೆರಳಾದರೂ ಜಾಗ ಬೇಕು. ಬಲವಂತವಾಗಿ ಒತ್ತಿದರೆ ಪಿನ್ ಸಡಿಲವಾಗುತ್ತೆ. ಚಿಕ್ಕ ಡಬ್ಬಿಯೇ ಸರಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ವ್ಯಾಟ್ ಲೆಕ್ಕ ಸುಲಭ. ನನ್ನ ಪ್ರೊಸೆಸರ್ ರೈಜೆನ್ 5 5600. ಡಬ್ಬಿಯ ಮೇಲೆ 65 ವ್ಯಾಟ್ ಅಂತಿದ್ದರೂ ಪೂರ್ತಿ ದುಡಿಯುವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತೆ ಅಂತ 88 ಇಟ್ಟುಕೊಂಡೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ 115. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 45 ಇಟ್ಟುಕೊಂಡೆ. ಒಟ್ಟು 250ರ ಹತ್ತಿರ. ಕಾರ್ಡಿನ ಕಂಪನಿ 550 ವ್ಯಾಟ್ ಎಸ್‌ಎಂಪಿಎಸ್ ಹಾಕಿ ಅನ್ನುತ್ತೆ. ಯಾರು ಎಂಥ ಪ್ರೊಸೆಸರ್ ಹಾಕುತ್ತಾರೋ ಗೊತ್ತಿಲ್ಲದೆ ಎಲ್ಲರಿಗೂ ಹೇಳುವ ಅಂಕಿ ಅದು. ನಾನು ನನ್ನ ಲೆಕ್ಕ ನಂಬಿ 450 ವ್ಯಾಟಿನ, ಕರೆಂಟ್ ಕಡಿಮೆ ಪೋಲು ಮಾಡುವ ಗೋಲ್ಡ್ ದರ್ಜೆಯದಕ್ಕೆ ನಿಂತೆ. ಅದರ 12 ವೋಲ್ಟ್ ಎದುರಿಗೆ 37 ಆಂಪ್ ಇತ್ತು, ಅಂದರೆ 444 ವ್ಯಾಟ್.

ಗೋಲ್ಡ್ ಯಾಕೆ ಅಂದರೆ ಬಿಸಿಗಾಗಿ, ಕರೆಂಟ್ ಬಿಲ್ಲಿಗಲ್ಲ. 250 ವ್ಯಾಟ್ ಕೊಡುವಾಗ ನೂರಕ್ಕೆ ತೊಂಬತ್ತರಷ್ಟು ದಕ್ಷತೆ ಇದ್ದರೆ ಸುಮಾರು 28 ವ್ಯಾಟ್ ಬಿಸಿಯಾಗಿ ಹೋಗುತ್ತೆ. ಎಪ್ಪತ್ತೈದೇ ಇದ್ದರೆ 83 ವ್ಯಾಟ್. ಊಟದ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯಲ್ಲಿ ಅಷ್ಟು ಬಿಸಿ ಎಲ್ಲಿಗೆ ಹೋಗಬೇಕು? ಚಿಕ್ಕ ಫ್ಯಾನ್ ಜೋರಾಗಿ ತಿರುಗಿ ಕಿವಿ ಕೊರೆಯುತ್ತೆ.

ಬಸ್ ಹತ್ತಿ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಅಂಗಡಿಯ ಹುಡುಗ, "ಅಣ್ಣ, 750 ತಗೊಂಡ್ಬಿಡಿ, ತಲೆನೋವಿರಲ್ಲ" ಅಂದ. ನಾನು ಕೇಬಲ್ ಉದ್ದ ಕೇಳಿದೆ. ಪುಟ್ಟ ಕ್ಯಾಬಿನೆಟ್‌ಗೆ 30 ಸೆಂ.ಮೀ. ಕೇಬಲ್ ಸಾಕು. ಜಾಸ್ತಿ ಉದ್ದ ಇದ್ದರೆ ಸುತ್ತಿ ತುರುಕಬೇಕು, ಗಾಳಿ ನಿಲ್ಲುತ್ತೆ. ಬೇಕಾದ ಕೇಬಲ್ ಮಾತ್ರ ಚುಚ್ಚುವ ಮಾಡ್ಯುಲರ್ ತಗೊಂಡೆ. ಒಂದು ಎಚ್ಚರಿಕೆ: ಬೇರೆ ಕಂಪನಿಯ ಹಳೆ ಮಾಡ್ಯುಲರ್ ಕೇಬಲ್ ಇದಕ್ಕೆ ಹಾಕಲೇಬೇಡಿ. ಪ್ಲಗ್ ಕೂರುತ್ತೆ, ಆದರೆ ಎಸ್‌ಎಂಪಿಎಸ್ ಕಡೆ ಯಾವ ಪಿನ್ನಿನಲ್ಲಿ ಯಾವ ವೋಲ್ಟ್ ಅನ್ನುವುದು ಬೇರೆ ಇರುತ್ತೆ. ಡಿಸ್ಕ್ ಸುಟ್ಟೇ ಹೋಗುತ್ತೆ.

ಜೋಡಿಸಿ ಆನ್ ಮಾಡಿದಾಗ ಅಕ್ಕನ ಮಗ ಗಾಬರಿಯಾದ. "ಮಾಮ, ಎಸ್‌ಎಂಪಿಎಸ್ ಫ್ಯಾನೇ ತಿರುಗ್ತಿಲ್ಲ!" ನನಗೂ ಎದೆ ಧಸಕ್ ಅಂತು. ಆಮೇಲೆ ಪುಸ್ತಿಕೆ ನೋಡಿದರೆ, ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಂತೇ ಇರುವಂತೆ ಮಾಡಿದ್ದಾರೆ.

ಉಳಿದದ್ದು ಯುಪಿಎಸ್. ನನ್ನದು 600 ವಿಎ, 360 ವ್ಯಾಟಿನದು. 250ಕ್ಕೆ ಬಿಸಿಯಾಗಿ ಹೋಗುವ 28 ಸೇರಿ ಗೋಡೆಯಿಂದ ಎಳೆಯುವುದು 278, ಮಾನಿಟರ್‌ಗೆ 30. ಹಿಡಿಯುತ್ತೆ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಇಂಥ ಯುಪಿಎಸ್‌ಗೆ ಕೆಲವು ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಇರುವುದರಿಂದಲೇ ದೂಡಬೇಕು. ಹಳೆಯದು ಇಲ್ಲೇ ಎಡವಿ ಪ್ರತಿ ಸಲ ರೀಸ್ಟಾರ್ಟ್ ಆಗುತ್ತಿತ್ತು. ಹೊಸದಕ್ಕೂ ಪರೀಕ್ಷೆ ಇಟ್ಟೆ. ನಲವತ್ತು ಪುಟದ ಆಲ್ಬಂ ಎಕ್ಸ್‌ಪೋರ್ಟಿಗೆ ಹಾಕಿ, ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿದೆ. ಬೀಪ್ ಅಂತು. ಹನ್ನೆರಡನೇ ಪುಟ ಹೋಗಿ ಹದಿಮೂರು ಬಂತು. ಸ್ವಿಚ್ ಮತ್ತೆ ಹಾಕಿ, ಟೀ ಕುಡಿಯಲು ಎದ್ದೆ.